ರಾಯಚೂರು ಬಿಟ್ಟು ಹೈದರಾಬಾದೋ ಚೆನ್ನೈಯೋ? ಬಿಸಿಲು, ನೆರೆ, ಖರ್ಚು ನೋಡಿ ಹೇಳಿ

ಬಿಸಿಲೂರಿನವ

ಎಲ್ಲರಿಗೂ ನಮಸ್ಕಾರ. ನಮ್ಮದು ರಾಯಚೂರು. ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಇಲ್ಲಿಯ ಶಾಖೆ ಮುಚ್ಚುತ್ತಿದ್ದಾರೆ. ಹೈದರಾಬಾದೋ ಚೆನ್ನೈಯೋ ನೀವೇ ಆರಿಸಿಕೊಳ್ಳಿ ಅಂದಿದ್ದಾರೆ. ಎರಡೂ ಕಡೆ ಸಂಬಳ ಒಂದೇ, ಈಗ ಬರುವುದಕ್ಕಿಂತ ಐದನೇ ಒಂದು ಪಾಲು ಜಾಸ್ತಿ.

ಮನೆಯಲ್ಲಿ ಐದು ಜನ. ಅವ್ವನಿಗೆ ಎಪ್ಪತ್ತು ದಾಟಿದೆ. ದಮ್ಮಿನ ತೊಂದರೆ ಇದೆ, ಬಿಪಿ ಮಾತ್ರೆ ದಿನಾ ಬೇಕು. ಮಗ ಒಂಬತ್ತನೇ ತರಗತಿ, ಮಗಳು ನಾಲ್ಕನೇ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಹಬ್ಬ, ಮದುವೆ ಸೀಸನ್ ಬಂತೆಂದರೆ ಅವಳ ಕೈಗೆ ಪುರುಸೊತ್ತು ಇರುವುದಿಲ್ಲ. ಸ್ವಂತ ಮನೆ, ಹೀಗಾಗಿ ಬಾಡಿಗೆ ಕಟ್ಟಿ ನಮಗೆ ರೂಢಿಯಿಲ್ಲ.

ನನ್ನ ಮುಖ್ಯ ಚಿಂತೆ ಅವ್ವನದು. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹನ್ನೊಂದರಿಂದ ಐದರ ತನಕ ಅವ್ವ ಕೂಲರ್ ಮುಂದಿನಿಂದ ಏಳುವುದಿಲ್ಲ. ಅದೇ ದಿನ ಮೊಬೈಲಿನಲ್ಲಿ ನೋಡಿದರೆ ಚೆನ್ನೈನಲ್ಲಿ 37, 38 ಇರುತ್ತದೆ. ಹಾಗಾದರೆ ಚೆನ್ನೈಯೇ ವಾಸಿ ಅಲ್ವಾ? ಆದರೆ ಅಲ್ಲಿಯ ನೆರೆ, ಚಂಡಮಾರುತ ಟಿವಿಯಲ್ಲಿ ನೋಡಿ ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ. ಹೈದರಾಬಾದಿನಲ್ಲೂ ಮಳೆ ಬಂದರೆ ರಸ್ತೆಗಳು ಹೊಳೆಯಾಗುತ್ತವೆ.

ಈ ಎರಡು ಊರಲ್ಲಿ ಸಂಸಾರ ಮಾಡಿದವರು ದಯವಿಟ್ಟು ಹೇಳಿ. ಹವೆ ಹೇಗೆ, ಅಪಾಯ ಏನು, ತಿಂಗಳ ಖರ್ಚು ಎಲ್ಲಿ ಏರುತ್ತದೆ? ಇಂಟರ್‌ನೆಟ್ಟಿನ ಸರಾಸರಿ ಬೇಡ, ನೀವು ಕಂಡದ್ದು ಬೇಕು.

ಮಾನ್ವಿ ಟು ತಾಂಬರಂ

ಅಣ್ಣಾ, ನಾನು ಮಾನ್ವಿಯವನು. ತಾಂಬರಂ ಕಡೆ ಮನೆ ಮಾಡಿ ಬಹಳ ವರ್ಷ ಆಯಿತು. ಮೊದಲು ಆ 37 ಡಿಗ್ರಿ ಲೆಕ್ಕ ಬಿಟ್ಟುಬಿಡಿ.

ನಮ್ಮ ಕಡೆಯದು ಒಣ ಬಿಸಿಲು. ಬೆವರು ಬಂದ ಹಾಗೇ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಕೂಲರ್ ಕೆಲಸ ಮಾಡುವುದೂ ಹೀಗೇ. ಒದ್ದೆ ಹುಲ್ಲಿನ ಪ್ಯಾಡ್ ಮೂಲಕ ಒಣ ಗಾಳಿ ಹಾದಾಗ ನೀರು ಆವಿಯಾಗಿ ಗಾಳಿ ತಣ್ಣಗಾಗುತ್ತದೆ. ಚೆನ್ನೈ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ಬೆವರು ಆರುವುದಿಲ್ಲ. ಕೂಲರ್ ಹಚ್ಚಿದರೆ ಕೋಣೆ ಇನ್ನೂ ಜಿಗುಟಾಗುತ್ತದೆ. ನಮ್ಮ ಓಣಿಯಲ್ಲಿ ಒಂದು ಮನೆಯಲ್ಲೂ ಕೂಲರ್ ಇಲ್ಲ. ಮೇನಲ್ಲಿ ರಾತ್ರಿ ಕೂಡ 28 ಡಿಗ್ರಿ ಆಸುಪಾಸು ಇರುತ್ತದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಬೀಸುತ್ತದೆ, ನಿಜ. ಅದರ ಸುಖ ಅಡ್ಯಾರ್, ಬೆಸೆಂಟ್ ನಗರದವರಿಗೆ. ಅಲ್ಲಿಯ ಬಾಡಿಗೆ ನಮ್ಮಂಥವರ ಕೈಗೆ ನಿಲುಕುವುದಿಲ್ಲ. ಒಳಗೆ ಬಂದಷ್ಟೂ ಬಾಡಿಗೆ ಇಳಿಯುತ್ತದೆ, ಗಾಳಿಯೂ ಇಳಿಯುತ್ತದೆ.

ಅಂದರೆ ಅವ್ವನಿಗೆ ಎಸಿ ಬೇಕೇ ಬೇಕು. ಲೆಕ್ಕ ನೀವೇ ಹಾಕಿ. ಕೂಲರ್ 200 ವಾಟ್ ಅಂದುಕೊಂಡರೆ ಎಂಟು ಗಂಟೆಗೆ ಒಂದೂವರೆ ಯೂನಿಟ್ ಚಿಲ್ಲರೆ. ಒಂದೂವರೆ ಟನ್ ಎಸಿ ಅಷ್ಟೇ ಹೊತ್ತಿಗೆ ಎಂಟರಿಂದ ಹನ್ನೆರಡು ಯೂನಿಟ್ ತಿನ್ನುತ್ತದೆ. ತಿಂಗಳಿಗೆ ಅದೊಂದೇ 250 ಯೂನಿಟ್ ದಾಟುತ್ತದೆ. ತಮಿಳುನಾಡಿನಲ್ಲಿ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ. 100 ಯೂನಿಟ್ ಉಚಿತ ಅನ್ನುವುದು ಆ ಎರಡು ತಿಂಗಳಿಗೆ ಸೇರಿ. ಊರಿನ ಗೃಹಜ್ಯೋತಿ ರೂಢಿಯಾದವರಿಗೆ ಬಿಲ್ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಕೆಲವು ಮನೆ ಮಾಲೀಕರು ಸಬ್ ಮೀಟರ್ ಇಟ್ಟು ತಮಗೆ ಬೇಕಾದ ದರ ಹಾಕುತ್ತಾರೆ. ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಬಾಯಿಬಿಟ್ಟು ಕೇಳಿ.

ಇನ್ನು ನೆರೆ. ರಾಯಚೂರಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಮೇಲೆ ಸ್ವಲ್ಪ. 2015ರ ಡಿಸೆಂಬರ್ ಮೊದಲ ವಾರ ತಾಂಬರಂನಲ್ಲಿ 24 ಗಂಟೆಯಲ್ಲಿ ಬಿದ್ದದ್ದು 49 ಸೆಂ.ಮೀ. ನಮ್ಮ ವರ್ಷದ ಮುಕ್ಕಾಲು ಪಾಲು ಮಳೆ ಒಂದೇ ದಿನ! ಮುಡಿಚೂರು, ವೇಳಚೇರಿ, ಅಡ್ಯಾರ್ ನದಿ ದಂಡೆ ಎಲ್ಲ ಮುಳುಗಿದವು. 2016ರಲ್ಲಿ ವರ್ದಾ ಚಂಡಮಾರುತ ಮರಗಳನ್ನು ಮಲಗಿಸಿತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಬಂದು ಮತ್ತೆ ನೀರು. ನೀವೆಲ್ಲ ಬಿಳಿಜೋಳ, ಕಡಲೆ ಬಿತ್ತಿ ಕೈ ತೊಳೆಯುವ ಹೊತ್ತಿಗೆ ಇಲ್ಲಿ ನಿಜವಾದ ಮಳೆಗಾಲ ಶುರುವಾಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್. ಈಗೀಗ ಮಳೆಯ ಮುನ್ಸೂಚನೆ ಬಂದ ಕೂಡಲೇ ವೇಳಚೇರಿ ಜನ ಕಾರುಗಳನ್ನು ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸಿ ಬರುತ್ತಾರೆ. ಆ ಸಾಲು ನೋಡಿದರೆ ಸಾಕು, ಕೆಳಗೆ ಯಾವ ಓಣಿ ಮುಳುಗುತ್ತದೆ ಅಂತ ಗೊತ್ತಾಗುತ್ತದೆ.

ಅದೇ ಊರು 2019ರ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಒದ್ದಾಡಿತು. ಪೂಂಡಿ, ಚೆಂಬರಂಬಾಕ್ಕಂ ಕೆರೆಗಳು ಬತ್ತಿ, ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಿಸಿದರು.

ಚೆನ್ನೈ ಕೆಟ್ಟ ಊರು ಅಂತ ಹೇಳುತ್ತಿಲ್ಲ. ಆಸ್ಪತ್ರೆಗಳು ಚೆನ್ನಾಗಿವೆ, ಜನ ಒಳ್ಳೆಯವರು. ಮುಂಬೈ ಮೇನ್ ಲೈನಿನಲ್ಲಿ ಇರುವುದರಿಂದ ರಾಯಚೂರಿಗೆ ನೇರ ರೈಲೂ ಇದೆ. ಆದರೆ ದಮ್ಮಿನ ತಾಯಿಗೆ ಈ ಧಗೆ, ಮಳೆಗಾಲದಲ್ಲಿ ಗೋಡೆ ಹಿಡಿಯುವ ಬೂಷ್ಟು ಎರಡೂ ಕಷ್ಟ.

ಬಿಸಿಲೂರಿನವ

ತಮ್ಮಾ, ಕೂಲರ್ ವಿಷಯ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಬೂಷ್ಟಿನ ಮಾತು ಕೇಳಿ ಹೆಂಡತಿ ಈಗಾಗಲೇ ತೀರ್ಮಾನ ಮಾಡಿದ ಹಾಗಿದೆ. ಹೈದರಾಬಾದಿನವರು ಯಾರಾದರೂ ಇದ್ದೀರಾ? ನಮ್ಮ ಆಫೀಸು ಹಬ್ಸಿಗುಡದಲ್ಲಿ.

ಲಿಂಗಸುಗೂರಿನವಳು

ನಾನಿದ್ದೀನಿ ಅಣ್ಣಾ. ದಿಲ್‌ಸುಖ್‌ನಗರದ ಕಡೆ ಇದ್ದೇವೆ. ನಿಮ್ಮ ಪ್ರಶ್ನೆಯಲ್ಲೇ ಒಂದು ತೊಡಕಿದೆ. ಹೈದರಾಬಾದ್ ಸುರಕ್ಷಿತವಾ ಅಂತ ಕೇಳಿದರೆ ಉತ್ತರ ಇಲ್ಲ. ಯಾವ ಕಾಲೊನಿ, ಯಾವ ಮಹಡಿ ಅಂತ ಕೇಳಿದರೆ ಉತ್ತರ ಇದೆ.

2020ರ ಅಕ್ಟೋಬರ್ 13ರ ರಾತ್ರಿ ಇಲ್ಲಿ ಸುರಿದ ಮಳೆ ಯಾರೂ ಮರೆಯುವುದಿಲ್ಲ. ಘಟ್ಕೇಸರ್ ಕಡೆ 32 ಸೆಂ.ಮೀ. ಬಿತ್ತು. ನಾವಿರುವುದು ದಿಣ್ಣೆಯ ಮೇಲೆ, ಬಾಗಿಲ ಮುಂದೆ ನೀರೇ ನಿಲ್ಲಲಿಲ್ಲ. ಇಲ್ಲಿಂದ ಇಳಿದು ಹೋದರೆ ಸರೂರ್‌ನಗರ ಕೆರೆ. ಅದರ ಕೆಳಗಿನ ಕಾಲೊನಿಗಳಲ್ಲಿ ಜನರನ್ನು ದೋಣಿಯಲ್ಲಿ ಹೊರಗೆ ತಂದರು. ನಡೆದು ಹೋಗುವಷ್ಟು ದೂರ, ನೆನಪಿಡಿ. ಬಾಲಾಪುರದ ಕೆರೆ ಒಡೆದು ಹಫೀಜ್ ಬಾಬಾ ನಗರ ಮುಳುಗಿದ್ದೂ ಅದೇ ವಾರ.

ಅದಕ್ಕೇ ಮನೆ ಹುಡುಕುವಾಗ ಎಫ್‌ಟಿಎಲ್ ಅನ್ನುವ ಮಾತು ಗೊತ್ತಿರಲಿ. ಕೆರೆ ತುಂಬಿದಾಗ ನೀರು ಎಲ್ಲಿಯ ತನಕ ಬರುತ್ತದೋ ಅದೇ ಎಫ್‌ಟಿಎಲ್. ಹತ್ತು ಹೆಕ್ಟೇರಿಗಿಂತ ದೊಡ್ಡ ಕೆರೆಗೆ ಅದರಾಚೆ ಇನ್ನೂ 30 ಮೀಟರ್, ಸಣ್ಣ ಕೆರೆಗೆ 9 ಮೀಟರ್ ಜಾಗ ಬಿಡಬೇಕು ಅಂತ ನಿಯಮ. ಹೈದರಾಬಾದ್ ಅಭಿವೃದ್ಧಿ ಪ್ರಾಧಿಕಾರ ಹೆಚ್‌ಎಂಡಿಎ ವೆಬ್‌ಸೈಟಿನಲ್ಲಿ ಕೆರೆಗಳ ನಕ್ಷೆ ಸಿಗುತ್ತದೆ. 2024ರಲ್ಲಿ ಹೈಡ್ರಾ ಅಂತ ಹೊಸ ಸಂಸ್ಥೆ ಮಾಡಿ ಕೆರೆ ಒತ್ತುವರಿ ಕಟ್ಟಡಗಳನ್ನು ಕೆಡವುತ್ತಿದ್ದಾರೆ. ಬಾಡಿಗೆಯವರಿಗೆ ಮನೆ ಹೋದರೆ ಪರಿಹಾರ ಯಾರು ಕೊಡುತ್ತಾರೆ ಹೇಳಿ.

ಮನೆ ತೋರಿಸಲು ಬಂದ ಬ್ರೋಕರ್ ಎಂದೂ ನೀರು ಬರುತ್ತದೆ ಅನ್ನುವುದಿಲ್ಲ. ನೀವು ಗೋಡೆ ನೋಡಿ. ಕೆಳಗಿನ ಮೂರಡಿಗೆ ಮಾತ್ರ ಹೊಸ ಬಣ್ಣ ಇದೆಯಾ? ಮೀಟರ್ ಬೋರ್ಡನ್ನು ಕಿತ್ತು ಎದೆಮಟ್ಟಕ್ಕಿಂತ ಮೇಲೆ ಹಾಕಿದ್ದಾರಾ, ಹಳೆಯ ಮೊಳೆಯ ತೂತು ಕೆಳಗೆ ಉಳಿದಿದೆಯಾ? ಬಾಗಿಲ ಚೌಕಟ್ಟಿನ ಬುಡ ಉಬ್ಬಿದೆಯಾ? ಆಮೇಲೆ ಗೇಟಿನ ಹತ್ತಿರ ಇಸ್ತ್ರಿ ಬಂಡಿ ಇಟ್ಟವರನ್ನು ಕೇಳಿ. ಅವರಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ.

ಹವೆ ವಿಷಯಕ್ಕೆ ಬಂದರೆ ಈ ಊರು ರಾಯಚೂರಿಗಿಂತ ಸುಮಾರು ನೂರು ಮೀಟರ್ ಎತ್ತರದಲ್ಲಿದೆ. ಬೇಸಿಗೆ ಅದೇ ಒಣ ಬೇಸಿಗೆ, ಒಂದೆರಡು ಡಿಗ್ರಿ ಕಡಿಮೆ. ಅವ್ವನ ಕೂಲರನ್ನು ಹಾಗೇ ತಂದರೆ ಆಯಿತು. ಆದರೆ ದಮ್ಮು ಇರುವುದರಿಂದ ಒಂದು ಮಾತು. ಚಳಿಗಾಲದಲ್ಲಿ ಇಲ್ಲಿ ಗಾಳಿ ಕೆಡುತ್ತದೆ. ಪಟಾನ್‌ಚೆರು, ಜೀಡಿಮೆಟ್ಲ ಥರದ ಕಾರ್ಖಾನೆ ಪ್ರದೇಶದ ಹತ್ತಿರ ಬಾಡಿಗೆ ಕಡಿಮೆ ಅಂತ ಹೋಗಬೇಡಿ. 2025ರ ಜೂನ್‌ನಲ್ಲಿ ಪಾಶಮೈಲಾರಂ ಔಷಧ ಕಾರ್ಖಾನೆ ಸ್ಫೋಟ ಆಗಿದ್ದೂ ಆ ದಿಕ್ಕಿನಲ್ಲೇ.

ಖರ್ಚು: ಎರಡು ಬೆಡ್‌ರೂಮಿನ ಮನೆ ನಿಮ್ಮ ಆಫೀಸಿನ ಸುತ್ತ 15 ಸಾವಿರಕ್ಕೆ ಸಿಕ್ಕರೆ ಪುಣ್ಯ. ಅಡ್ವಾನ್ಸ್ ಎರಡು ಮೂರು ತಿಂಗಳದು, ಬೆಂಗಳೂರಿನ ಹಾಗೆ ಹತ್ತು ತಿಂಗಳದು ಕೇಳುವುದಿಲ್ಲ. ಸಿಟಿ ಒಳಗೆ ಮೀಟರ್ ಇರುವ ಮನೆಗೆ ತಿಂಗಳಿಗೆ 20,000 ಲೀಟರ್ ನೀರು ಉಚಿತ. ಬೋರ್ ನಂಬಿಕೊಂಡ ಅಪಾರ್ಟ್‌ಮೆಂಟಿನಲ್ಲಿ ಏಪ್ರಿಲ್ ಬಂತೆಂದರೆ ಟ್ಯಾಂಕರ್ ದುಡ್ಡು ಮೇಂಟೆನೆನ್ಸಿಗೆ ಸೇರುತ್ತದೆ. ಕಳೆದ ಬೇಸಿಗೆಯ ಮೇಂಟೆನೆನ್ಸ್ ರಸೀದಿ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಆ ಮನೆ ಬೇಡ.

ಶಕ್ತಿನಗರ ನಿವೃತ್ತ

ತಂಗಿ ಹೇಳಿದ್ದು ಸರಿಯಾಗಿದೆ. ಒಂದೆರಡು ಮಾತು ಸೇರಿಸುತ್ತೇನೆ.

ಹವಾಮಾನ ಇಲಾಖೆಯವರು ಬಿಸಿಗಾಳಿ ಅಂತ ಘೋಷಿಸಲು ಬಯಲು ಸೀಮೆಗೆ 40 ಡಿಗ್ರಿ ಮಿತಿ ಇಟ್ಟಿದ್ದಾರೆ, ಕರಾವಳಿಗೆ 37. ಅದರ ಜೊತೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಏರಿರಬೇಕು. ಮಾನ್ವಿಯವರು ಅನುಭವದಿಂದ ಹೇಳಿದ್ದನ್ನೇ ಇಲಾಖೆ ಅಂಕಿಯಲ್ಲಿ ಇಟ್ಟಿದೆ. ಹೀಗಾಗಿ ಎರಡು ಊರಿನ ಡಿಗ್ರಿಯನ್ನು ಪಕ್ಕಪಕ್ಕ ಇಟ್ಟು ನೋಡಿ ಉಪಯೋಗವಿಲ್ಲ.

ಹೊಸ ಊರಿನ ಅಪಾಯ ಎಣಿಸುವಾಗ ನಮ್ಮ ಊರಿನದನ್ನೂ ಎಣಿಸಿ. 2009ರ ಸೆಪ್ಟೆಂಬರ್ ಕೊನೆಗೆ ಕೃಷ್ಣಾ, ತುಂಗಭದ್ರಾ ಎರಡೂ ಉಕ್ಕಿದವು. ಮಂತ್ರಾಲಯದ ಒಳಗೆ ನೀರು ಬಂತು, ಕರ್ನೂಲು ಮುಳುಗಿತು. ನದಿ ದಂಡೆಯ ನಮ್ಮ ಎಷ್ಟೋ ಹಳ್ಳಿಗಳು ಜಾಗ ಬದಲಿಸಬೇಕಾಯಿತು. 2022ರಲ್ಲಿ ರಾಯಚೂರು ನಗರದಲ್ಲೇ ಕಲುಷಿತ ನೀರು ಕುಡಿದು ಜೀವ ಹೋದವು. ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ಹಾರುವ ಬೂದಿ ನಾನು ದಿನಾ ಕಂಡಿದ್ದೇನೆ. ಬೆಳಿಗ್ಗೆ ಒಣಗಿಸಿದ ಬಿಳಿ ಪಂಚೆ ಸಂಜೆಗೆ ಬಿಳಿ ಇರುತ್ತಿರಲಿಲ್ಲ. ನಿಮ್ಮ ತಾಯಿಯವರ ದಮ್ಮಿಗೆ ಇಲ್ಲಿಯ ಗಾಳಿಯೇನೂ ಅಮೃತವಲ್ಲ.

ಭೂಕಂಪದ ಬಗ್ಗೆ ಯಾರೂ ಕೇಳಲಿಲ್ಲ. ದಖ್ಖನ್ ಗಟ್ಟಿ ಕಲ್ಲು, ಏನೂ ಆಗುವುದಿಲ್ಲ ಅನ್ನುತ್ತಿದ್ದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಕಲ್ಲು, ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆ ಬಿದ್ದವು. ಹಳೆಯ ಕಟ್ಟಡದಲ್ಲಿ ಕಂಬ, ತೊಲೆ ಇಲ್ಲದೆ ಮಹಡಿ ಮೇಲೆ ಮಹಡಿ ಏರಿಸಿದ್ದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬೇಡ ಅನ್ನಿ.

ಹೈದರಾಬಾದಿನ ನೆರೆಗೆ ನಮ್ಮವರೇ ಮದ್ದು ಹುಡುಕಿದ್ದರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಹೋದ ಮೇಲೆ ನಿಜಾಮರು ವಿಶ್ವೇಶ್ವರಯ್ಯನವರನ್ನು ಕರೆಸಿದರು. ಅವರ ಸಲಹೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆದವು. ನೂರು ವರ್ಷ ಕಳೆದರೂ ಆ ಕಟ್ಟೆಗಳು ಕೆಲಸ ಮಾಡುತ್ತಿವೆ. ಈಗ ತೊಂದರೆ ಬರುವುದು ನದಿಗಿಂತ ಹೆಚ್ಚಾಗಿ, ನಡುವೆ ಮುಚ್ಚಿಹೋದ ಸಣ್ಣ ಕೆರೆ, ನಾಲೆಗಳಿಂದ. ಅದು ನನಗೆ ಬಹಳ ನೋವಿನ ವಿಷಯ.

ಗಂಗಾವತಿ ಭತ್ತ

ಅಣ್ಣಾ, ರಾಜ್ಯ ಬಿಡಲೇಬೇಕಾ? ತೋರಣಗಲ್ಲು, ಹೊಸಪೇಟೆ, ಬಳ್ಳಾರಿ ಕಡೆ ಲೆಕ್ಕಪತ್ರದವರಿಗೆ ಕೆಲಸ ಇದ್ದೇ ಇದೆ. ಸಂಬಳ ಸ್ವಲ್ಪ ಕಡಿಮೆಯಾದರೂ ಬಾಡಿಗೆ, ಭಾಷೆ, ಮಕ್ಕಳ ಶಾಲೆ ಎಲ್ಲ ಉಳಿಯುತ್ತದೆ. ಅಪಾಯ ಇಲ್ಲೂ ಇದೆ ಅನ್ನಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ನಾವು ಬೆಳೆ ಹೋಯಿತು ಅಂತಲೇ ಕೂತಿದ್ದೆವು. ಹರಿಯುವ ನೀರಿನಲ್ಲೇ ತಡೆ ಹಲಗೆ ಇಳಿಸಿ ಉಳಿಸಿದರು.

ಇನ್ನೊಂದು ಮಾತು. ಈ ಡ್ಯಾಮ್ ಆದ ಮೇಲೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿದ ಕುಟುಂಬಗಳು ನಮ್ಮ ಸುತ್ತಮುತ್ತ ಇವೆ. ಅವರಲ್ಲಿ ಹಿರಿಯರನ್ನು ಕೇಳಿದ್ದೇನೆ. ಮೊದಲು ಮನೆಗೊಬ್ಬರು ಬಂದು ಒಂದು ಬೆಳೆ ತೆಗೆದು, ನೀರು, ಮಣ್ಣು ನೋಡಿಕೊಂಡು ಆಮೇಲೆ ಹೆಂಡತಿ ಮಕ್ಕಳನ್ನು ಕರೆತಂದೆವು ಅನ್ನುತ್ತಾರೆ. ನೀವೂ ಹಾಗೇ ಮಾಡಿ ನೋಡಬಹುದಲ್ವಾ?

ಸಿಂಧನೂರು ಮೇಷ್ಟ್ರು

ಎಲ್ಲರೂ ಬಿಸಿಲು, ಮಳೆ ಹೇಳಿದಿರಿ. ನನಗೆ ಕಾಣುವುದು ಆ ಒಂಬತ್ತನೇ ತರಗತಿಯ ಹುಡುಗ. ಸರ್, ದಯವಿಟ್ಟು ಅವನ ಎಸ್‌ಎಸ್‌ಎಲ್‌ಸಿ ಮುಗಿಯುವ ತನಕ ಶಾಲೆ ಬದಲಿಸಬೇಡಿ.

ಕಾರಣ ಇದು. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟು ಕೇಳಲು ಒಂದರಿಂದ ಹನ್ನೆರಡನೇ ತರಗತಿ ಒಳಗೆ ಕನಿಷ್ಠ ಏಳು ವರ್ಷ ಇಲ್ಲಿ ಓದಿರಬೇಕು. ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ, ಎರಡರಲ್ಲಿ ಒಂದನ್ನು ಇಲ್ಲೇ ಪಾಸು ಮಾಡಿರಬೇಕು. ನಿಮ್ಮ ಮಗನಿಗೆ ಏಳು ವರ್ಷ ಆಗಿಯೇ ಹೋಗಿದೆ. ಎಸ್‌ಎಸ್‌ಎಲ್‌ಸಿ ಇಲ್ಲೇ ಬರೆದರೆ ಮುಂದೆ ಪಿಯುಸಿ ಎಲ್ಲಿ ಓದಿದರೂ ಈ ದಾರಿ ತೆರೆದಿರುತ್ತದೆ. ಈಗಲೇ ಕರೆದುಕೊಂಡು ಹೋದರೆ ಪಿಯುಸಿಗೆ ಮತ್ತೆ ಇಲ್ಲಿಗೇ ಕಳಿಸಬೇಕಾಗುತ್ತದೆ. ತೆಲಂಗಾಣದಲ್ಲಿ ಸ್ಥಳೀಯ ಅನ್ನಿಸಿಕೊಳ್ಳಲು ಇಂಟರ್ (ನಮ್ಮ ಪಿಯುಸಿ ಇದ್ದ ಹಾಗೆ) ಸೇರಿ ಸತತ ನಾಲ್ಕು ವರ್ಷ ಅಲ್ಲಿ ಓದಿರಬೇಕು. ಹತ್ತನೆಯದಕ್ಕೆ ಹೋಗಿ ಸೇರಿದವನಿಗೆ ಮೂರೇ ವರ್ಷ ಸಿಗುವುದು. ಅಲ್ಲಿಗೂ ಸಲ್ಲುವುದಿಲ್ಲ, ಇಲ್ಲಿಗೂ ಸಲ್ಲುವುದಿಲ್ಲ.

ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು. ಎಷ್ಟೋ ಹೋರಾಟದ ಮೇಲೆ ಬಂದ ಸವಲತ್ತು. ಊರಲ್ಲಿ ಇರುವಾಗಲೇ ಇಬ್ಬರೂ ಮಕ್ಕಳ ಪ್ರಮಾಣಪತ್ರ ಮಾಡಿಸಿಡಿ. ಆಮೇಲೆ ದಾಖಲೆಗೆ ಅಲೆಯುವುದು ಕಷ್ಟ.

ಮಗಳ ಚಿಂತೆ ಅಷ್ಟಿಲ್ಲ. ತಂದೆಯೋ ತಾಯಿಯೋ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಅವಳು ಪಿಯುಸಿ ಎರಡೂ ವರ್ಷ ಇಲ್ಲಿ ಓದಿದರೆ ಆ ನಿಯಮದಲ್ಲಿ ಅರ್ಜಿ ಹಾಕಬಹುದು. ತೆಲಂಗಾಣದಲ್ಲಿ 2018ರ ಕಾಯ್ದೆಯಂತೆ ಯಾವ ಬೋರ್ಡಿನ ಶಾಲೆಯಾದರೂ ತೆಲುಗು ಕಲಿಯಲೇಬೇಕು. ತಮಿಳುನಾಡಿನಲ್ಲಿ ತಮಿಳಿಗೂ ಇಂಥದ್ದೇ ಕಾಯ್ದೆ. ನಮ್ಮ ಮಕ್ಕಳಿಗೆ ತೆಲುಗು ಲಿಪಿ ಬೇಗ ಹತ್ತುತ್ತದೆ, ನಾಲ್ಕನೇ ತರಗತಿಯವಳಿಗೆ ಒಂದು ವರ್ಷ ಸಾಕು. ಮನೆಯಲ್ಲಿ ಕನ್ನಡ ಓದಿಸುವುದನ್ನು ಮಾತ್ರ ನಿಲ್ಲಿಸಬೇಡಿ.

ಮಾನ್ವಿ ಟು ತಾಂಬರಂ

ಮೇಷ್ಟ್ರು ಹೇಳಿದ್ದು ಕೇಳಿ ಖರ್ಚಿನ ಇನ್ನೊಂದು ಬದಿ ನೆನಪಾಯಿತು. ಹೋಗುವಾಗ ಕಳೆದುಕೊಳ್ಳುವ ದುಡ್ಡನ್ನೂ ಬರೆಯಿರಿ. ಅಕ್ಕನಿಗೆ ಗೃಹಲಕ್ಷ್ಮಿ 2,000 ಬರುತ್ತಿದ್ದರೆ ಅದು ಇಲ್ಲಿಯ ಕಾರ್ಡಿನ ಮೇಲೆ. ರೇಷನ್ ಬೇರೆ ರಾಜ್ಯದಲ್ಲಿ ಸಿಗುತ್ತದೆ, ಆದರೆ ಕೇಂದ್ರದ ಪಾಲು ಮಾತ್ರ. ತೆಲಂಗಾಣದಲ್ಲೂ 200 ಯೂನಿಟ್ ಉಚಿತ ಇದೆ, ಅಲ್ಲಿಯ ಬಿಳಿ ಕಾರ್ಡು ಬೇಕು. ಆಧಾರ್ ವಿಳಾಸ ಬದಲಿಸಿದರೆ ನಮ್ಮ ಶಕ್ತಿ ಟಿಕೆಟ್ ಹೋಗುತ್ತದೆ, ಅಲ್ಲಿಯ ಬಸ್ಸು ಉಚಿತವಾಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಅಕ್ಕನ ಹೊಲಿಗೆ. ಗಿರಾಕಿ ಬಾಯಿಂದ ಬಾಯಿಗೆ ಬರುವ ಕೆಲಸ. ಹೊಸ ಊರಲ್ಲಿ ಸೊನ್ನೆಯಿಂದ ಶುರು. ಆ ಐದನೇ ಒಂದು ಪಾಲು ಜಾಸ್ತಿ ಸಂಬಳ ಬಾಡಿಗೆಗೇ ಸಾಲುವುದಿಲ್ಲ. ಜೊತೆಗೆ ಅವರ ಗಳಿಕೆಯೂ ನಿಂತರೆ ಕೈಗೆ ಉಳಿಯುವುದು ಈಗಿನದಕ್ಕಿಂತ ಕಡಿಮೆ. ರಾಯಚೂರಿನ ಮನೆ ಬಾಡಿಗೆಗೆ ಕೊಟ್ಟರೆ ಎಷ್ಟು ಬರುತ್ತದೆ, ಅದನ್ನೂ ಸೇರಿಸಿ ನೋಡಿ.

ಬೈಕ್ ಒಂದು ವರ್ಷಕ್ಕಿಂತ ಜಾಸ್ತಿ ಅಲ್ಲಿಟ್ಟರೆ ಹೊಸ ನಂಬರ್ ಮಾಡಿಸಬೇಕು. ಅದಕ್ಕೆ ರಾಯಚೂರು ಆರ್‌ಟಿಒದಿಂದ ಎನ್‌ಒಸಿ ಬೇಕು. ನೆರೆಗೆ ವಿಮೆ ಇದೆ. ಭಾರತ್ ಗೃಹ ರಕ್ಷಾ ಅಂತ 2021ರಿಂದ ಎಲ್ಲ ಕಂಪನಿಗಳಲ್ಲೂ ಒಂದೇ ಮಾದರಿಯ ಪಾಲಿಸಿ ಸಿಗುತ್ತದೆ. ಬಾಡಿಗೆಯವರು ಸಾಮಾನಿಗೆ ಮಾತ್ರವೂ ತೆಗೆದುಕೊಳ್ಳಬಹುದು. ಹೊಲಿಗೆ ಯಂತ್ರ, ಫ್ರಿಜ್, ಟಿವಿ ನೆನೆದರೆ ಏನು ಮಾಡುತ್ತೀರಿ?

ಬಿಸಿಲೂರಿನವ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಿನ್ನೆ ರಾತ್ರಿ ಊಟ ಆದ ಮೇಲೆ ಇಷ್ಟನ್ನೂ ಅವ್ವನಿಗೆ ಓದಿ ಹೇಳಿದೆ. ಮಗನೂ ಕೂತು ಕೇಳಿದ.

ಚೆನ್ನೈ ಬಿಟ್ಟೆವು. ಹೈದರಾಬಾದಿಗೆ ಮೊದಲು ನಾನೊಬ್ಬನೇ ಹೋಗುತ್ತೇನೆ. ಒಂದು ರೂಮು ಮಾಡಿ, ವಾರದ ಕೊನೆಗೆ ಊರಿಗೆ ಬರುತ್ತೇನೆ. ಬಸ್ಸಿದೆ, ದೇವರಕದ್ರ–ಕೃಷ್ಣಾ ಮಾರ್ಗ 2023ರಲ್ಲಿ ಶುರುವಾದ ಮೇಲೆ ಕಾಚಿಗುಡ ರೈಲೂ ಇದೆ. ಒಂದು ರೂಮಿನ ಬಾಡಿಗೆ ಜಾಸ್ತಿಯಾದ ಸಂಬಳದಲ್ಲೇ ಹೋಗುತ್ತದೆ. ಮಗನ ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಸಂಸಾರ. ಅಷ್ಟರಲ್ಲಿ ಅಲ್ಲಿಯ ಒಂದು ಮಳೆಗಾಲ, ಒಂದು ಬೇಸಿಗೆ ನಾನೇ ಕಂಡಿರುತ್ತೇನೆ. ಹೆಂಡತಿಗೆ ಗಿರಾಕಿ ಬಿಡುವ ಸಂಕಟ ಇದ್ದೇ ಇದೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಅವ್ವ ಒಂದೇ ಪ್ರಶ್ನೆ ಕೇಳಿದರು: ಅಲ್ಲಿ ಕುಡಿಯುವ ನೀರು ಯಾವ ಹೊಳೆಯದು?

ಶಕ್ತಿನಗರ ನಿವೃತ್ತ

ಸುಮಾರು ಅರ್ಧ ನಮ್ಮ ಕೃಷ್ಣೆಯದೇ ಅಂತ ಹೇಳಿ. ದೇವಸೂಗೂರು ಸೇತುವೆ ಕೆಳಗೆ ಹಾದು ಶ್ರೀಶೈಲ, ನಾಗಾರ್ಜುನ ಸಾಗರ ತಲುಪುತ್ತದೆ. ಅಲ್ಲಿಂದ ಪಂಪ್ ಮಾಡುತ್ತಾರೆ. ಗೋದಾವರಿ, ಮಂಜೀರಾ ನೀರೂ ಸೇರುತ್ತದೆ.

ಲಿಂಗಸುಗೂರಿನವಳು

ಅಣ್ಣಾ, ಒಳ್ಳೆಯ ತೀರ್ಮಾನ. ಸಂಸಾರದ ಮನೆ ಹುಡುಕಲು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಜೋರು ಮಳೆ ಬಿದ್ದ ಮರುದಿನವೇ ಹೊರಡಿ. ಒಣ ದಿನ ನೋಡಿದ ಓಣಿ ಏನೂ ಹೇಳುವುದಿಲ್ಲ. ಉಪ್ಪಲ್, ರಾಮಂತಾಪುರ ಕಡೆ ದಿಣ್ಣೆಯ ಜಾಗ ಯಾವುದು, ತಗ್ಗು ಯಾವುದು ನಮ್ಮ ಮನೆಯವರಿಗೆ ಗೊತ್ತು. ಬರುವ ಹಿಂದಿನ ದಿನ ಇಲ್ಲೇ ಬರೆಯಿರಿ, ಎಂಜಿಬಿಎಸ್ ಬಸ್ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುತ್ತಾರೆ. ಅಕ್ಕನನ್ನೂ ಕರೆತನ್ನಿ. ನಮ್ಮ ಬಿಲ್ಡಿಂಗಿನಲ್ಲೇ ಬ್ಲೌಸ್ ಹೊಲಿಸಲು ಸರಿಯಾದವರು ಸಿಗದೆ ನಾಲ್ಕೈದು ಜನ ಒದ್ದಾಡುತ್ತಿದ್ದಾರೆ, ಪರಿಚಯ ಮಾಡಿಸುತ್ತೇನೆ.